ತಣ್ಣೀರ ಸೂತಕ

ಗಂಡನನ್ನು ಸುಟ್ಟು ಬಂದ ಮೇಲೆ ನೆಂಟರೆಲ್ಲ ಹೊರಟುಹೋಗಿ, ಹಾಲಿನವನು ಎಂದಿನಂತೆ ಬಾಗಿಲು ಬಡಿದ ಮೊದಲ ಬೆಳಗು ಅದು. ಹಿತ್ತಿಲ ನಲ್ಲಿಯಲ್ಲಿ ಮಿಂದು ನಡುಗುತ್ತಾ ಒಳಗೆ ಬಂದರೆ, ಗಂಡನ ಲ್ಯಾಬಿನ ಸಹೋದ್ಯೋಗಿ ಫಿಲೋಮಿನಾ ನಿಂತಿದ್ದಳು.

“ಈಗ ಕೇಳಬಾರದು ಕಣೇ. ಅವನು ನನ್ನ ಒಂದು ಬ್ಯಾಕ್ಟೀರಿಯಾ ಬಾಟಲಿ ಇಲ್ಲಿಗೆ ತಂದಿದ್ದ. ಲ್ಯಾಬಲ್ಲಿ ಕರೆಂಟ್ ಹೋಗಿ ನನ್ನ ಹತ್ರ ಇದ್ದವೆಲ್ಲ ತಣ್ಣಗಾಗಿ ಸತ್ವು. ನಾಳೆ ಸೋಪಿನ ಪುಡಿ ಕಂಪನಿಯವರು ಬರ್ತಾರೆ. ಇದೂ ಇಲ್ಲದಿದ್ರೆ ನನ್ನ ಸಂಶೋಧನೆ ಮುಗೀತು.”

ಬಿಸಿಯಲ್ಲೇ ಬದುಕುವ ಆ ಜೀವಿಗಳಿಂದ, ಬಿಸಿನೀರಿನಲ್ಲೂ ಕೆಡದೆ ಬಟ್ಟೆಯ ಕಲೆ ಬಿಡಿಸುವ ಕಿಣ್ವ ಸಿಗುತ್ತದೆ. ಲ್ಯಾಬಿನ ಯಂತ್ರಕ್ಕಿಂತ ನಮ್ಮ ಬಚ್ಚಲ ಹಂಡೆಯೇ ವಾಸಿ ಎಂದು ಅವನು ಬಾಟಲಿಯನ್ನು ಅದರಲ್ಲೇ ಇಳಿಬಿಟ್ಟಿದ್ದ.

“ಅವನು ಹೋದಾಗಿನಿಂದ ಹಂಡೆಗೆ ಉರಿ ಹಾಕಿಲ್ಲ,” ಎಂದೆ. “ಸೂತಕ ಕಳೆಯೋ ತನಕ ತಣ್ಣೀರೇ. ಅತ್ತೆಯ ಅಪ್ಪಣೆ.”

“ಅಯ್ಯೋ, ತಣ್ಣೀರಲ್ಲಿ ಅವು ಸಾಯ್ತವೆ!”

“ನಾನೂ ಸಾಯ್ತಿದೀನಿ. ನನ್ನನ್ನ ಯಾವ ಕಂಪನಿಯವರೂ ಕೇಳ್ತಿಲ್ಲ.”

“ಮಗ ಹೋದ ಮನೇಲಿ ಬಿಸಿನೀರಿನ ಸುಖ ಬೇಕಂತಾ?” ಅತ್ತೆ ಕೋಣೆಯಿಂದ ಗದರಿದರು. “ಬಚ್ಚಲ ಕಡೆ ಯಾರೂ ತಲೆ ಹಾಕಬೇಡಿ!”

ಫಿಲೋಮಿನಾ ಬಿಕ್ಕಿ ಬಿಕ್ಕಿ ಅತ್ತಳು. ಅವನ ಹೆಣದ ಮುಂದೆ ನಾನು ಇಷ್ಟು ಅತ್ತಿರಲಿಲ್ಲ. ಸತ್ತವುಗಳನ್ನಾದರೂ ಕೊಟ್ಟು ಕಳಿಸೋಣವೆಂದು ಬಚ್ಚಲಿಗೆ ಹೋಗಿ ಹಂಡೆಯೊಳಗೆ ಕೈ ಹಾಕಿದೆ.

“ಹುಷಾರು, ಸುಡುತ್ತೆ,” ಎಂದು ಬಾಟಲಿಯನ್ನು ಸೆರಗಿನಲ್ಲಿ ಸುತ್ತಿ ಫಿಲೋಮಿನಾಳ ಕೈಗಿಡುವಾಗ, ಅತ್ತೆ ಒಳಗಿನಿಂದಲೇ ಮೆಲ್ಲಗೆ, “ಸೊಂಟನೋವಿಗೆ ದಿನಾ ಎರಡೇ ಚೊಂಬು ಕಣೇ,” ಎಂದರು.