ಉಳಿದ ಹೆರಳು

ಕತ್ತರಿಸಿದ ಹೆರಳನ್ನು ಕೈಯಲ್ಲಿ ಹಿಡಿದುಕೊಂಡು ತನುಜಾ ಬಚ್ಚಲಮನೆಯ ಬಾಗಿಲಲ್ಲಿ ನಿಂತಿದ್ದಳು. ತುದಿಯ ಕೆಂಪು ರಿಬ್ಬನ್ನು ಬಿಚ್ಚಿರಲಿಲ್ಲ. ಇನ್ನೊಂದು ಹೆರಳು ಎಡಭುಜದ ಮೇಲೆ ಹಾಗೆಯೇ ಇತ್ತು. ರವಿವಾರದ ಬಟ್ಟೆ ಒಗೆಯುತ್ತಿದ್ದ ಹಾಸ್ಟೆಲಿನ ಹುಡುಗಿಯರೆಲ್ಲ ಬಕೆಟ್ಟು ಬಿಟ್ಟು ಅವಳ ಸುತ್ತ ನೆರೆದರು.

"ಹೇನಿನ ಸಲುವಾಗಿ ಮಾಡ್ಯಾಳ ನೋಡ್ರಿ ಮೇಡಂ," ಎಂದಳು ಅಡುಗೆಯ ಕರೆವ್ವ. "ಬಾಜೂ ಮಲಗೂ ಹುಡುಗ್ಯಾರು ನಿನ್ನೆ ಹಾಸಿಗಿ ದೂರ ಎಳಕೊಂಡಿದ್ರು. ಇವರಪ್ಪಗ ಫೋನ್ ಹಚ್ಚಲೇನ್ರಿ?"

"ಹಚ್ಚರಿ," ಎಂದಳು ತನುಜಾ. ಹಾನಗಲ್ಲಿನ ಈ ಹಾಸ್ಟೆಲಿಗೆ ಬಂದಾಗಿನಿಂದ ಅವಳು ತಾನಾಗಿ ಆಡಿದ ಮೊದಲ ಮಾತು ಅದು. "ನಾ ನಮ್ಮೂರು ಆಡೂರಿಗೆ ಹೊಕ್ಕೇನಿ. ಸಾಲಿ ಬ್ಯಾಡ ನನಗ."

ವಾರ್ಡನ್ ನೀಲಾಂಬಿಕಾ ಹಾಗೆ ಹೋದ ಹುಡುಗಿಯರನ್ನು ಕಂಡವಳು. ಎಂಟನೆಯ ಇಯತ್ತೆಗೇ ಸಾಲೆ ಬಿಟ್ಟು ಮನೆ ಸೇರಿ ಒಲೆಯ ಮುಂದೆ ಕೂತವರು ಮತ್ತೆ ಪಾಟೀಚೀಲ ಹೆಗಲಿಗೇರಿಸುತ್ತಿರಲಿಲ್ಲ. ಅದರಲ್ಲೂ ತನುಜಾಳದು ಈ ಬೇಸಿಗೆಯಲ್ಲಿ ತಾಯಿ ತೀರಿಕೊಂಡ ಮನೆ. ಉಳಿದವರನ್ನೆಲ್ಲ ಒಳಗೆ ಕಳಿಸಿ, ಎಣ್ಣೆಬಾಟಲಿ, ಹಣಿಗೆ ತಂದು, ನೀಲಾಂಬಿಕಾ ಹಿತ್ತಲ ಮೆಟ್ಟಿಲಿನ ಮೇಲೆ ಬಿಸಿಲಿಗೆ ಕೂತಳು. "ಬಾ, ಇಲ್ಲಿ ಕುಂದರು," ಎಂದು ಕೆಳಗಿನ ಮೆಟ್ಟಿಲು ತೋರಿಸಿದಳು. ಹುಡುಗಿ ಬಹಳ ಹೊತ್ತು ನಿಂತು, ಆಮೇಲೆ ಬಂದು ಕೂತಳು.

ಆ ಕೂದಲೊಳಗೆ ಬೆರಳು ಇಳಿದದ್ದೇ ನೀಲಾಂಬಿಕಾಗೆ ಸವಣೂರು ನೆನಪಾಯಿತು. ತನ್ನ ತಾಯಿ ಸತ್ತ ವರ್ಷ ಅವಳೂ ಅಲ್ಲಿಯ ಹಾಸ್ಟೆಲಿನಲ್ಲಿದ್ದಳು. ಅವಳ ತಲೆಯ ತುಂಬ ಹೇನು. ಹಿತ್ತಲಗೋಡೆಯಾಚೆ ಬಳೆ ಮಾರುವ ಮರಿಯಮಬಿಯ ಮನೆ. ಹೆಣ್ಣುಮಕ್ಕಳನ್ನೆಲ್ಲ ದೂರದೂರಿಗೆ ಮದುವೆ ಮಾಡಿಕೊಟ್ಟು ಕೂತಿದ್ದ ಹೆಂಗಸು. ರವಿವಾರ ಬಂದರೆ ಗೋಡೆಯಾಚೆಯಿಂದ "ಏ ನೀಲೂ, ಬಾ ಬೇಟಾ!" ಎಂಬ ಕೂಗು. ಎಲೆಯಡಿಕೆ ತುಂಬಿದ ಬಾಯಿ, ಮೊಣಕೈವರೆಗಿನ ಬಳೆಗಳ ಸದ್ದು, ಬೇವಿನೆಣ್ಣೆಯ ಕಟು ವಾಸನೆ. ಹಣಿಗೆಗೆ ಸಿಕ್ಕ ಒಂದೊಂದು ಹೇನಿಗೂ ಅವಳು ಒಂದೊಂದು ಊರು ಹಚ್ಚುತ್ತಿದ್ದಳು. "ಇದು ನಮ್ಮ ನವಾಬರ ಮನೀದು, ನಡಿಗಿ ನೋಡು ಹೆಂಗೈತಿ! ಇದು ಬಂಕಾಪುರದ್ದು, ಅಲ್ಲಿ ನವಿಲಿನ ಹಿಂಡಿಗೆ ಅಂಜಿ ನಿನ್ನ ತಲ್ಯಾಗ ಬಂದು ಅಡಗೇತಿ!" ನೀಲಾಂಬಿಕಾ ಹೊಟ್ಟೆ ಹಿಡಿದು ನಗುತ್ತಿದ್ದಳು.

ಒಂದು ದಿನ ಮಾತ್ರ ಮರಿಯಮಬಿ ನಗಿಸದೆ ಕೇಳಿದಳು, "ನಿಮ್ಮವ್ವ ಬೈತಲಿ ನಡುವ ತಗೀತಿದ್ಲೋ, ಬಾಜೂಕೋ?" ಹುಡುಗಿ ಅತ್ತಾಳೆಂದು ಊರಲ್ಲಿ ಯಾರೂ ಅವ್ವನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಅವತ್ತು ನೀಲಾಂಬಿಕಾ ಅತ್ತೇ ಅತ್ತಳು. ಮರಿಯಮಬಿ ಸುಮ್ಮನಿರು ಎನ್ನಲಿಲ್ಲ. ಹಣಿಗೆ ಹಿಡಿದು ತಲೆ ಹಿಕ್ಕುತ್ತಲೇ ಇದ್ದಳು.

ಎಷ್ಟು ಹುಡುಕಿದರೂ ತನುಜಾಳ ತಲೆಯಲ್ಲಿ ಸಿಕ್ಕದ್ದು ಒಂದೆರಡು ಹೇನು, ಅಷ್ಟೇ.

"ಇಷ್ಟಕ್ಕ ಯಾರರ ಹೆರಳು ಕತ್ತರಸ್ತಾರೇನ?"

"ಹೇನಿಗೆ ಅಲ್ರಿ." ತನುಜಾ ತೊಡೆಯ ಮೇಲಿದ್ದ ಹೆರಳನ್ನು ಸವರಿದಳು. "ರಿಬ್ಬನ್ ಕಟ್ಟಿ ಕನ್ನಡಿ ನೋಡಿದೆ. ನಮ್ಮವ್ವನ ನಿಂತಂಗ ಕಂಡ್ತು. ಕೂದಲಾ ಆಕೀದ ಐತ್ರಿ ನನಗ. ತಡಕೊಳ್ಳಾಕ ಆಗಲಿಲ್ಲ."

"ಮತ್ತ ಇದನ್ಯಾಕ ಬಿಟ್ಟಿ?"

"ಇದನ್ನೂ ಕತ್ತರಿಸಿದ್ರ ಅವ್ವ ಖರೇನ ಹೋಗಿಬಿಡ್ತಾಳ ಅಂತ ಅಂಜಿಕಿ ಬಂತ್ರಿ."

"ಹೋಗಂಗಿಲ್ಲ ತಗೋ," ಎಂದಳು ನೀಲಾಂಬಿಕಾ. "ನಮ್ಮವ್ವ ಹೋದಾಗ ಆಕಿಗೆ ಮೂವತ್ತೂ ಆಗಿರಲಿಲ್ಲ. ನಾ ಈಗೂ ಮಾರಿ ತೊಳಕೊಂಡು ಕನ್ನಡಿ ನೋಡಿದ್ರ ಒಮ್ಮೊಮ್ಮೆ ಆಕಿನ ನಿಂತಿರ್ತಾಳ."

"ಸಂಕಟ ಆಗಂಗಿಲ್ಲೇನ್ರಿ?"

"ಮೊದಲ ಆಗತಿತ್ತು. ಈಗ ನಾನ ಆಕಿಗಿಂತ ದೊಡ್ಡಾಕಿ ಆಗೇನಿ. ನನ್ನ ತಂಗಿ ಕಂಡಂಗ ಆಕ್ಕೇತಿ."

ತನುಜಾ ಫಕ್ಕನೆ ನಕ್ಕಳು. ನಗುತ್ತಿದ್ದಂತೆಯೇ ಅಳು ಬಂತು, ಒತ್ತರಿಸಿಕೊಂಡು ಬಂತು. ನೀಲಾಂಬಿಕಾ ಹಣಿಗೆಯನ್ನು ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಕರೆವ್ವ ಫೋನು ಹಿಡಿದುಕೊಂಡು ಬಂದಳು. "ಇವರಪ್ಪ ಮಾತಾಡಾಕತ್ತಾನ್ರಿ." ನೀಲಾಂಬಿಕಾ ಫೋನು ತೆಗೆದುಕೊಳ್ಳದೆ ಹುಡುಗಿಯತ್ತ ನೋಡಿದಳು. ತನುಜಾ ಮೂಗು ಒರೆಸಿಕೊಂಡು ಅದನ್ನು ಕಿವಿಗಿಟ್ಟುಕೊಂಡಳು. "ಅಪ್ಪಾ, ಉಂಡಿ?" ಎಂದಳು. ಆಚೆಯಿಂದ ಏನೋ ಗಾಬರಿಯ ದನಿ. "ಏನಿಲ್ಲೋ ಯಪ್ಪಾ. ಸುಮ್ನ ಹಚ್ಚಿದ್ವಿ. ದೀಪಾವಳಿಗೆ ಸಾಲಿ ಸೂಟಿ ಬಿಟ್ಟಾಗ ಬರ್ತೇನಿ."

ಫೋನು ವಾಪಸು ಕೊಟ್ಟು, "ಈ ಹೆರಳನ್ನೂ ಕತ್ತರಿಸಿ ಸಮ ಮಾಡಿಬಿಡ್ರಿ ಮೇಡಂ. ಎರಡೂ ನನ್ನ ಪೆಟಿಗ್ಯಾಗ ಇಟ್ಕೋತೇನಿ," ಎಂದಳು. ಕತ್ತರಿ ಆಡಿತು. ಕೂದಲು ಕುತ್ತಿಗೆಯ ಮಟ್ಟಕ್ಕೆ ಬಂದು ನಿಂತಿತು. ತನುಜಾ ಹಗುರಾದ ತಲೆಯನ್ನು ಒಮ್ಮೆ ಕೊಡವಿ, ತಿರುಗಿ, ನೀಲಾಂಬಿಕಾಳ ನೆರೆತ ತುರುಬನ್ನೇ ನೋಡತೊಡಗಿದಳು.

"ನಿಮ್ಮ ತಲಿ ಯಾರ ಹಿಕ್ಕತಾರ್ರಿ?"

"ನಂದು ನಾನ."

ಮರಿಯಮಬಿ ಮಣ್ಣು ಸೇರಿ ಎಷ್ಟೋ ವರ್ಷವಾಗಿತ್ತು. ಅವಳ ನಂತರ ತನ್ನ ತಲೆಯನ್ನು ಯಾರೂ ಮುಟ್ಟಿಲ್ಲ ಎಂಬುದು ನೀಲಾಂಬಿಕಾಗೆ ಹೊಳೆದದ್ದು ಈಗಲೇ. ಸೆರಗು ಕೊಡವಿ ಏಳಹೋದಳು. ಆದರೆ ಅಷ್ಟರಲ್ಲಿ ತನುಜಾ ಅವಳ ಕೈಯಿಂದ ಹಣಿಗೆ ತೆಗೆದುಕೊಂಡು, ಹಿಂದಿನ ಮೇಲ್ಮೆಟ್ಟಿಲಿಗೆ ಹೋಗಿ ಕೂತು, ತುರುಬು ಬಿಚ್ಚಿಯೇ ಬಿಟ್ಟಿದ್ದಳು.

"ತಲಿ ಸ್ವಲ್ಪ ತಗ್ಗಸ್ರಿ," ಎಂದಳು.