ಸೊನ್ನೆ ಬೆಲೆಯ ಮಂತ್ರಿ

ಮಂತ್ರಿಯ ಬೆಲೆಯನ್ನು ಸೊನ್ನೆ ಮಾಡಲು ಹಲ್ಲಿನ ಡಾಕ್ಟರು ಇನ್ನೇನು ಗುಂಡಿ ಒತ್ತಬೇಕು, ಅಷ್ಟರಲ್ಲಿ ಕ್ಲಿನಿಕ್ಕಿನ ಫೋನು ಬಡಿದುಕೊಂಡಿತು.

"ಇವತ್ತೂ ಸೋತರು," ಎಂದರು ಅತ್ತೆ. ದನಿಯಲ್ಲಿ ಅಂಥ ದುಃಖವೇನೂ ಇರಲಿಲ್ಲ.

"ಹಲ್ಲು ಹೇಗಿದೆ?"

"ಕೆನ್ನೆ ಇನ್ನಷ್ಟು ಊದಿದೆ. ಕೀಳಿಸ್ಕೊಳ್ಳಿ ಅಂದ್ರೆ ಅದೇ ಹಳೇ ಮಾತು."

ಆ ಮಾತು ಡಾಕ್ಟರಿಗೆ ಬಾಯಿಪಾಠವಾಗಿತ್ತು. ಮಾವ ಸೇತುವೆ ಕಟ್ಟಿಸಿ ನಿವೃತ್ತರಾದ ಎಂಜಿನಿಯರ್. ಮಗಳ ಮನೆಗೆ ಬಂದು ನೆಲೆಸುವಾಗ ಬಟ್ಟೆಬರೆಗಿಂತ ಮೊದಲು ಅವರು ಇಳಿಸಿದ್ದು ತಮ್ಮ ಹಳೆಯ ಕಂಪ್ಯೂಟರನ್ನು. ಟೀವಿಗೆ ಸಿಕ್ಕಿಸಿದರೆ ಅದು ಚದುರಂಗ ಆಡುತ್ತಿತ್ತು. ಬೇರೆ ಯಾವ ಕೆಲಸಕ್ಕೂ ಬಾರದು. ದವಡೆ ಹಲ್ಲು ಕೊಳೆತಿದೆ, ಕಿತ್ತುಬಿಡೋಣ ಎಂದು ಅಳಿಯ ಬಾಯಿಬಿಟ್ಟ ದಿನ ಮಾವ ಎದೆ ಸೆಟೆಸಿ ಹೇಳಿದ್ದರು: "ಚದುರಂಗದಲ್ಲಿ ಮೊದಲು ಒಂದು ಆಟ ಗೆಲ್ತೀನಿ. ಹಲ್ಲು ಆಮೇಲೆ."

ಅಂದಿನಿಂದ ಮಧ್ಯಾಹ್ನವಾದರೆ ಸಾಕು, ಕೋಣೆಯ ಬಾಗಿಲು ಮುಚ್ಚುತ್ತಿತ್ತು. ಡಾಕ್ಟರು ಕ್ಲಿನಿಕ್ಕಿನಲ್ಲಿ, ಹೆಂಡತಿ ಆಫೀಸಿನಲ್ಲಿ. ಸಂಜೆ ಇಬ್ಬರೂ ಮನೆಗೆ ಬಂದರೆ ಮಾವನ ಮುಖ ಗಂಟಿಕ್ಕಿರುತ್ತಿತ್ತು, ಕೆನ್ನೆ ಉಬ್ಬಿರುತ್ತಿತ್ತು. ಒಮ್ಮೆ ಕ್ಲಿನಿಕ್ಕಿಗೆ ಬಂದು ಕಾಯುವ ಬೆಂಚಿನ ಮೇಲೆ ಕೂತರು. ಆ ಕೆನ್ನೆ ನೋಡಿ, ಇವರು ಇಲ್ಲಿನ ಡಾಕ್ಟರ ಮಾವ ಎಂದು ತಿಳಿದ ಇಬ್ಬರು ರೋಗಿಗಳು ಸದ್ದಿಲ್ಲದೆ ಎದ್ದುಹೋದರು.

ಮರ್ಯಾದೆಯ ಮಾತು ಹಾಗಿರಲಿ. ಕೀವು ರಕ್ತಕ್ಕೆ ಇಳಿದರೆ ಗತಿಯೇನು? ಮಾವನಿಗೆ ಗೆಲ್ಲಲು ಆಗದಿದ್ದರೆ ಯಂತ್ರವನ್ನೇ ಸೋಲಿಸಬೇಕು. ಡಾಕ್ಟರು ಆ ತೀರ್ಮಾನಕ್ಕೆ ಬಂದಿದ್ದರು.

"ನಾಳೆಯಿಂದ ನೋಡ್ತಿರಿ ಅತ್ತೆ," ಎಂದರು ಅವರು ಫೋನಿಗೆ. "ಬುದ್ಧಿ ಇಳಿಸೋಕೆ ಒಂದು ಉಪಾಯ ಮಾಡಿದ್ದೀನಿ."

"ಯಾರದು?"

"ಯಂತ್ರದ್ದು."

"ಓ," ಎಂದು ಅತ್ತೆ ಫೋನಿಟ್ಟರು.

ಉಪಾಯ ಮೇಜಿನ ಮೇಲೇ ಇತ್ತು. ಸಾಲಾಗಿ ಪುಟ್ಟ ಸ್ವಿಚ್ಚುಗಳು, ಅವಕ್ಕೊಂದೊಂದು ದೀಪ, ಒಂದಕ್ಕೊಂದು ಪೋಣಿಸಿದ ಚೌಕ ಬ್ಯಾಟರಿಗಳು, ನಡುವೆ ಇವತ್ತಿನ ಆಟ ಮುಗಿದು ಅತ್ತೆಮಾವ ಮಲಗಿದ್ದಾಗ ಕಂಪ್ಯೂಟರಿನಿಂದ ಕಿತ್ತು ತಂದ ಮೆಮೊರಿ ಚಿಪ್ಪು. ಎಲ್ಲವನ್ನೂ ಹಲ್ಲಿನ ಅಚ್ಚು ತೆಗೆಯುವ ತಟ್ಟೆಯಲ್ಲಿ ಕೂರಿಸಿದ್ದರು. ಚದುರಂಗದ ವಿದ್ಯೆಯೆಲ್ಲ ಆ ಚಿಪ್ಪಿನೊಳಗೆ. ಸ್ವಿಚ್ಚುಗಳಿಂದ ಬೇಕಾದ ಜಾಗವನ್ನು ಆರಿಸಿ, ಗುಂಡಿ ಒತ್ತಿ ಹೆಚ್ಚಿನ ವೋಲ್ಟೇಜಿನ ಒಂದು ಏಟು ಕೊಟ್ಟರೆ ಅಲ್ಲಿರುವ ಅಂಕಿ ಸೊನ್ನೆಯಾಗುತ್ತದೆ. ಮಂತ್ರಿಗೆ ಒಂಬತ್ತು ಎಂದು ಯಾರೋ ಬರೆದಿಟ್ಟ ಜಾಗವನ್ನು ಹುಡುಕುವಷ್ಟರಲ್ಲಿ ಡಾಕ್ಟರ ಕಣ್ಣು ಕೆಂಪಾಗಿತ್ತು. ಈಗ ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು.

ಮರುದಿನ ಬೆಳಿಗ್ಗೆ ಮಾವ ಸ್ನಾನಕ್ಕೆ ಹೋದಾಗ ಚಿಪ್ಪನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಒಂದು ಕೈ ಆಡಿ ನೋಡಿದರು. ಯಂತ್ರ ತನ್ನ ಮಂತ್ರಿಯನ್ನು ಕಾಲಾಳಿನ ಬಾಯಿಗೆ ತಾನೇ ತಂದು ಕೊಟ್ಟಿತು. ಚದುರಂಗ ಅಷ್ಟಕ್ಕಷ್ಟೇ ಬಲ್ಲ ಡಾಕ್ಟರು ಮಾವ ಮೈ ಒರೆಸಿಕೊಳ್ಳುವುದರೊಳಗೆ ಗೆದ್ದರು. ಕ್ಲಿನಿಕ್ಕಿಗೆ ಹೋದವರೇ ಇಕ್ಕಳ ಕುದಿಸಿಟ್ಟರು.

ಮಧ್ಯಾಹ್ನ ಫೋನು. "ಇವತ್ತೂ ಸೋತರು."

ಅಂದು ರಾತ್ರಿ ಡಾಕ್ಟರು ಆನೆ, ಕುದುರೆ, ಒಂಟೆ, ಕಾಲಾಳುಗಳನ್ನೂ ಸೊನ್ನೆ ಮಾಡಿದರು. ಯಂತ್ರ ಈಗ ದಾನಶೂರ ಕರ್ಣನಂತೆ ಕಾಯಿಗಳನ್ನು ಹಂಚತೊಡಗಿತು. ಮಾವ ಆದರೂ ಸೋತರು.

"ಹೇಗೆ ಸೋತ್ರಿ ಮಾವ?" ಎಂದು ಊಟದ ಹೊತ್ತಿಗೆ ಮೆಲ್ಲಗೆ ಕೆದಕಿದರು.

"ಗುನುಗ್ತಾ ಗುನುಗ್ತಾ ಮಂತ್ರೀನೇ ಹೊಡ್ಕೊಂಡು ಹೋಯ್ತು," ಎಂದರು ಮಾವ, ಊದಿದ ಕೆನ್ನೆಯ ಸಂದಿಯಿಂದ.

ಹಳೆಯ ಯಂತ್ರ, ಒಳಗಿನ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತಿರಬೇಕು ಅಂದುಕೊಂಡರು ಡಾಕ್ಟರು. ಮಾವನ ತಲೆಯ ಬಗ್ಗೆ ಮೊದಲ ಬಾರಿಗೆ ಅನುಮಾನ ಬಂತು. ಅತ್ತೆಯನ್ನು ಅಡುಗೆಮನೆಗೆ ಕರೆದು ಗೋಳು ತೋಡಿಕೊಂಡರು: "ಒಂದೇ ಒಂದು ಸಲ ಸೋತರೆ ಅದರ ಗಂಟೇನು ಹೋಗುತ್ತೆ ಅತ್ತೆ?"

"ಸೋಲೋಕೆ ಮನಸ್ಸು ಬರಬೇಕಲ್ಲ," ಎಂದರು ಅತ್ತೆ, ತಟ್ಟೆ ಒರೆಸುತ್ತಾ.

ಇನ್ನು ಉಳಿದದ್ದು ರಾಜನೊಬ್ಬನೇ. ಬೆಳಿಗ್ಗೆ ಚಿಪ್ಪನ್ನು ಮತ್ತೆ ಕಿತ್ತು ಕ್ಲಿನಿಕ್ಕಿಗೆ ತಂದರು. ಆದರೆ ಒಬ್ಬರ ಹಿಂದೊಬ್ಬರಂತೆ ರೋಗಿಗಳು ಬಂದರು. ಮಧ್ಯಾಹ್ನದೊಳಗೆ ಗುಂಡಿ ಒತ್ತಿ ವಾಪಸು ಇಡಲು ಪುರುಸೊತ್ತಾಗಲಿಲ್ಲ. ಚಿಪ್ಪು ತಟ್ಟೆಯಲ್ಲೇ ಉಳಿಯಿತು. ಚಿಪ್ಪಿಲ್ಲದ ಕಂಪ್ಯೂಟರು ಖಾಲಿ ಡಬ್ಬಿ. ಟೀವಿಯಲ್ಲಿ ಒಂದು ಗೆರೆಯೂ ಮೂಡದು. ಮಾವ ಕೂಗಾಡುತ್ತಾರೆ ಎಂದು ಡಾಕ್ಟರು ಬೈಗುಳಕ್ಕೆ ಸಿದ್ಧರಾಗಿ ಕೂತರು.

ಫೋನು ಬಂತು. "ಇವತ್ತೂ ಸೋತರು. ಹಟ ಹಿಡಿದು ಇನ್ನೊಂದು ಆಟಕ್ಕೆ ಕೂರ್ತಿದ್ದಾರೆ, ಇಡ್ತೀನಿ."

ಡಾಕ್ಟರು ತಟ್ಟೆಯ ಕಡೆ ನೋಡಿದರು. ಚಿಪ್ಪು ಅಲ್ಲೇ ಇತ್ತು. ಬಾಯಿ ತೆರೆದು ಕೂತಿದ್ದ ರೋಗಿಗೆ ನಾಳೆ ಬನ್ನಿ ಎಂದು ಹೇಳಿ, ಕೈಗವಸು ಕಳಚುವುದನ್ನೂ ಮರೆತು ಮನೆಗೆ ಓಡಿದರು. ಮುಚ್ಚಿದ ಬಾಗಿಲನ್ನು ತಟ್ಟದೆ ತಳ್ಳಿದರು.

ಟೀವಿಯ ಮೇಲೆ ಟವೆಲ್ ಹೊದಿಸಿತ್ತು. ಮಾವ ಅದಕ್ಕೆ ಬೆನ್ನು ಹಾಕಿ ಮರದ ಹಲಗೆಯ ಮುಂದೆ ಕೂತಿದ್ದರು. ಎದುರಿಗೆ, ಮಡಿಲ ತುಂಬ ಬಟಾಣಿ ಹಾಕಿಕೊಂಡು, ಏನೋ ಹಾಡು ಗುನುಗುತ್ತಾ, ಅತ್ತೆ.

ಅಳಿಯನನ್ನು ಕಂಡು ಮಾವ ಕೆನ್ನೆ ಮುಚ್ಚಿಕೊಂಡರು.

"ಯಂತ್ರ…" ಎಂದರು ಡಾಕ್ಟರು.

"ಅದರ ಹತ್ತಿರ ಆಡಿದ್ರೆ ಗೆದ್ದುಬಿಡ್ತಾರಲ್ಲ ಅಳಿಯಂದ್ರೇ, ಗೆದ್ರೆ ನಿಮ್ಮ ಇಕ್ಕಳ," ಎಂದು ಅತ್ತೆ ಅವರ ಕೈಗವಸನ್ನು ಒಮ್ಮೆ, ಗಂಡನ ಕೆನ್ನೆಯನ್ನು ಒಮ್ಮೆ ನೋಡಿ, ನಿಟ್ಟುಸಿರಿಟ್ಟು ತಮ್ಮ ರಾಜನನ್ನು ಹಲಗೆಯ ಮೇಲೆ ಅಡ್ಡ ಮಲಗಿಸಿದರು. "ತಗೊಳ್ಳಿ, ನಾನು ಸೋತೆ. ಕರ್ಕೊಂಡು ಹೋಗಿ."