ದುಃಖತಪ್ತರ ಪಟ್ಟಿ

ಹೊಸ ಕಾರ್ಡಿನ ಮಸಿ ವಾಸನೆ ಮೂಗಿಗೆ ಬಿದ್ದರೆ ಈಗಲೂ ನನ್ನ ಕಣ್ಣು ಮೊದಲು ಕೆಳಗಿನ ಹೆಸರುಗಳಿಗೆ ಹೋಗುತ್ತದೆ.

ಅಜ್ಜಿ ತೀರಿಕೊಂಡ ನಾಲ್ಕನೇ ದಿನ ಮಧ್ಯಾಹ್ನ ದೊಡ್ಡಪ್ಪ ನನ್ನನ್ನು ಬಿಳಿಗೆರೆಯಿಂದ ತಿಪಟೂರಿನ ಪ್ರೆಸ್ಸಿಗೆ ಕರೆದುಕೊಂಡು ಹೋದರು. ಐದನೇ ಕ್ಲಾಸಿನ ನಾನು ತಿಥಿ ಕಾರ್ಡಿನಲ್ಲಿ ಅಕ್ಷರ ತಪ್ಪಿದೆಯೇ ಎಂದು ಓದಿ ನೋಡಬೇಕಿತ್ತು. ಪ್ರೆಸ್ಸಿನವರು ಕಂಪ್ಯೂಟರಿನಲ್ಲಿ ಅಜ್ಜಿಯ ಹೆಸರನ್ನು ದಪ್ಪ ಮಾಡಿ ನಡುವೆ ಕೂರಿಸಿದರು. ಕೆಳಗೆ 'ದುಃಖತಪ್ತರು' ಎಂದು ಬರೆದು, ದೊಡ್ಡಪ್ಪ ಮತ್ತು ಅಪ್ಪನ ಹೆಸರನ್ನು ಎಡಕ್ಕೂ ಚಿಕ್ಕಪ್ಪನದನ್ನು ಬಲಕ್ಕೂ ಜೋಡಿಸಿದರು.

"ಬಲಗಡೆ ಜಾಗ ಖಾಲಿ ಹೊಡೀತೈತೆ. ಇನ್ನೊಂದು ಹೆಸ್ರಿದ್ರೆ ಎರಡೂ ಕಡೆ ಸಮ ಆಯ್ತದೆ ಕಣ್ರೀ," ಎಂದರು.

ಇನ್ನೊಂದು ಹೆಸರಿತ್ತು. ಅಜ್ಜಿಯ ಒಬ್ಬಳೇ ಮಗಳು ಸಾವಿತ್ರತ್ತೆ. ಗಂಡನನ್ನು ಬಿಟ್ಟು ಬಂದು, ಹಾಸಿಗೆ ಹಿಡಿದಿದ್ದ ಅಜ್ಜಿಯ ಮೈ ಒರೆಸುತ್ತ ಆರು ವರ್ಷ ನೋಡಿಕೊಂಡವಳು.

"ಗಂಡನ ಹೆಸ್ರಿಲ್ದೆ ಅವಳ ಹೆಸ್ರು ಹೆಂಗೆ ಹಾಕ್ಸೋದು? ನೋಡ್ದೋರು ಏನಂದಾರು? ಅಲ್ಲೊಂದು ದೀಪದ ಚಿತ್ರ ಹಾಕ್ಬುಡಿ," ಎಂದರು ದೊಡ್ಡಪ್ಪ.

ದೀಪ ಬಂತು. ಕಾರ್ಡು ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು.

"ತಪ್ಪೇನಾರ ಐತೇನವ್ವ?" ದೊಡ್ಡಪ್ಪ ನನ್ನನ್ನು ಕೇಳಿದರು.

ಒಂದೊಂದೇ ಅಕ್ಷರ ಓದಿ, "ಇಲ್ಲ" ಎಂದೆ.

ಮಾರನೆಯ ದಿನ ಕಾರ್ಡಿನ ಕಟ್ಟು ಮನೆಗೆ ಬಂತು. ಅತ್ತೆ ನೆಲದ ಮೇಲೆ ಕೂತು ಒಂದನ್ನು ಕಣ್ಣ ಹತ್ತಿರ ಹಿಡಿದು ಓದಿದಳು. ಬೆರಳು ದೀಪದ ಮೇಲೆ ಬಂದು ನಿಂತಿತು.

"ನೀನೇ ಓದಿ ನೋಡಿದ್ಯಂತೆ?"

"ಹೂಂ."

ಅತ್ತೆ ಕಾರ್ಡನ್ನು ಕಟ್ಟಿನ ಮೇಲೆ ವಾಪಸ್ಸಿಟ್ಟಳು. ನೆಂಟರ ವಿಳಾಸಗಳೆಲ್ಲ ಅವಳೊಬ್ಬಳಿಗೇ ಬಾಯಿಪಾಠವಾಗಿದ್ದವು. ಪೆನ್ನು ಹುಡುಕಿ ತಂದು, ಅಷ್ಟೂ ಕವರುಗಳ ಮೇಲೆ ಅವಳೇ ಬರೆದಳು.